ಓಗೊಡುವವರು

ಮುಕುಂದಯ್ಯನವರ ಆಳು ಬಂದು ಗದ್ದೆಯ ಅಂಚಿನಲ್ಲಿ ನಿಂತು ಕೆಮ್ಮಿದ. ಅಷ್ಟರಿಂದಲೇ ಗುತ್ಯಪ್ಪನಿಗೆ ವಿಷಯ ತಿಳಿಯಿತು. ಹೋದ ವಾರವೂ ಅವನು ಹೀಗೇ ಬಂದು ಹೀಗೇ ಕೆಮ್ಮಿದ್ದ. ಹೇಳುವುದನ್ನು ನೇರವಾಗಿ ಹೇಳಿದರೆ ಇವನ ಗಂಟೇನು ಹೋಗುತ್ತಿತ್ತೋ! ಊರಿಗೆ ಊರೇ ಈಗ ಗುತ್ಯಪ್ಪನ ಮುಂದೆ ತಲೆ ಕೆರೆದು, ಆಕಾಶ ನೋಡಿ ಮಾತಾಡುವುದನ್ನು ರೂಢಿ ಮಾಡಿಕೊಂಡಿತ್ತು.

“ನಿಮ್ಮನೆಯವ್ರು ಮತ್ತೆ ನಮ್ಮ ಗದ್ದೆಗೆ ಇಳಿದಾರೆ. ಅಯ್ಯನೋರು ಕರ್ಕೊಂಡು ಹೋಗಕ್ಕೆ ಹೇಳಿದ್ರು.”

ಗುತ್ಯಪ್ಪ ನೇಗಿಲನ್ನು ಅಲ್ಲೇ ಬಿಟ್ಟ. ಎತ್ತುಗಳಿಗೆ ಒಂದು ಮಾತು ಬೈದ. ಅವು ಪಾಪ ಏನೂ ಮಾಡಿರಲಿಲ್ಲ. ಕೆಸರುಗಾಲಲ್ಲೇ ದುಮುಗುಡುತ್ತ ಹೋದ.

ಮುಕುಂದಯ್ಯನವರ ದೊಡ್ಡ ಗದ್ದೆಯ ನಡುವೆ ಮಳೆಗೆ ಎಲೆಯ ಗೊರಬು ಹೊದ್ದು, ಸೀರೆ ಎತ್ತಿ ಕಟ್ಟಿ ಅವನ ಹೆಂಡತಿ ಮಾಸ್ತಮ್ಮ ಸಸಿ ನೆಡುತ್ತಿದ್ದಳು. ಕೂಲಿಗೆ ಬಂದ ಹೆಂಗಸರು ಇನ್ನೊಂದು ಮೂಲೆಯಲ್ಲಿ ಗುಂಪಾಗಿ ನಿಂತಿದ್ದರು. ಅವರಲ್ಲಿ ಒಬ್ಬಳ ಕೈಯೂ ಆಡುತ್ತಿರಲಿಲ್ಲ. ಮಾಸ್ತಮ್ಮನ ಕೈಯೂ ಆಡುತ್ತಿತ್ತು, ಬಾಯಿಯೂ ಆಡುತ್ತಿತ್ತು. ಪಕ್ಕದಲ್ಲಿ ಯಾರೋ ಇದ್ದಾರೆ ಎಂಬಂತೆ ಏನೋ ಹೇಳುವುದು, ಸ್ವಲ್ಪ ಸುಮ್ಮನಿರುವುದು, ಆಮೇಲೆ ಹೂಂಗುಟ್ಟುವುದು. ಪಕ್ಕದಲ್ಲಿ ಕೆಸರುನೀರು ಬಿಟ್ಟರೆ ಏನೂ ಇರಲಿಲ್ಲ. ನೆಟ್ಟ ಸಾಲಿನಲ್ಲಿ ಮಾತ್ರ ಒಂದು ತಪ್ಪು ಹಿಡಿಯುವಂತಿರಲಿಲ್ಲ. ಅದೇ ಗುತ್ಯಪ್ಪನನ್ನು ಇನ್ನಷ್ಟು ರೇಗಿಸಿತು. ತಲೆ ಕೆಟ್ಟವಳು ಕೆಲಸವನ್ನಾದರೂ ತಲೆ ಕೆಟ್ಟವಳ ಹಾಗೆ ಮಾಡಿದ್ದರೆ ಅವನಿಗೆ ಒಂದು ಲೆಕ್ಕ ಸಿಗುತ್ತಿತ್ತು.

ಮೇಲೆ ಬಾ ಎಂದ. ಅವಳು ತಲೆಯೆತ್ತಿ, ಇನ್ನು ಸ್ವಲ್ಪವೇ ಇದೆ, ಇವರದು ಮುಗಿಸಿದರೆ ನಾಳೆ ಎಲ್ಲರೂ ನಮ್ಮದಕ್ಕೆ ಬರುತ್ತಾರೆ ಎಂದಳು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಗುತ್ಯಪ್ಪ ಹೆಂಡತಿಯ ರಟ್ಟೆ ಹಿಡಿದು ಎಳೆದುಕೊಂಡೇ ಬಂದ. ದಾರಿಯುದ್ದಕ್ಕೂ ಬೈದ. ಅವಳು ಅದನ್ನು ಕೇಳಿಸಿಕೊಂಡಳೋ, ಇನ್ನೊಬ್ಬರ ಮಾತು ಕೇಳುತ್ತಿದ್ದಳೋ, ದೇವರಿಗೇ ಗೊತ್ತು.

ಇದು ತೀರ್ಥಹಳ್ಳಿಗೆ ಹರದಾರಿ ದೂರದ ಮೇಗಿನಬೈಲಿನಲ್ಲಿ, ಅರವತ್ತಾರನೇ ಇಸವಿಯ ಮಳೆಗಾಲದಲ್ಲಿ ನಡೆದದ್ದು. ಗುತ್ಯಪ್ಪ ಈ ಊರಿನವನಲ್ಲ. ಹೊಸನಗರ ತಾಲ್ಲೂಕಿನ ನೇರಲಮಕ್ಕಿಯವನು. ನೇರಲಮಕ್ಕಿ ಎಲ್ಲಿದೆ ಎಂದು ಈಗ ಯಾರಾದರೂ ಕೇಳಿದರೆ ನೀರಿನ ಕಡೆ ಕೈ ತೋರಿಸಬೇಕು. ಶರಾವತಿಗೆ ಅಣೆಕಟ್ಟು ಕಟ್ಟಿದರು, ಹಿನ್ನೀರು ಏರಿತು, ಊರು ಮುಳುಗಿತು.

ಮುಳುಗುವ ಮುಂಚೆ ಊರಿನ ಹಿರಿಯ ಕೆರಿಯಪ್ಪ ಎಲ್ಲರನ್ನೂ ಕೂರಿಸಿ, ಸರ್ಕಾರ ಎಲ್ಲಿ ಕೊಡಲಿ, ಎಂಥದೇ ಕೊಡಲಿ, ಹೋಗುವುದಾದರೆ ಎಲ್ಲರೂ ಒಂದೇ ಕಡೆ ಹೋಗೋಣ ಎಂದಿದ್ದ. ಸರ್ಕಾರ ಕೊಟ್ಟದ್ದು ಸಾಗರದಾಚೆ, ತಾಳಗುಪ್ಪದಿಂದ ಇನ್ನೂ ಒಳಗೆ, ಕಾಡು ಕಡಿದು ಮಾಡಿದ ಗೊಚ್ಚುಮಣ್ಣಿನ ಜಾಗ. ಗುತ್ಯಪ್ಪ ಅದನ್ನು ಒಂದು ಸಲ ಹೋಗಿ ನೋಡಿ ಬಂದು, ಹಂದಿಯೂ ಅಲ್ಲಿ ಗೆಡ್ಡೆ ಅಗೆಯಲಾರದು ಎಂದ. ತಾನು ಓಡಾಡಿ, ಅವರಿವರನ್ನು ಕಂಡು, ಪರಿಹಾರದ ದುಡ್ಡಿಗೆ ತುಂಗಾನದಿಯ ಕಡೆ ನೀರು ಬೀಳುವ ಒಳ್ಳೆ ಗದ್ದೆ ಹಿಡಿದ. ಹೊರಟ ದಿನ ಕೆರಿಯಪ್ಪ ಅವನನ್ನು ‘ಒಂಟಿಗ’ ಎಂದು ಬೈದ. ಹಿಂಡು ಬಿಟ್ಟು ತಿರುಗುವ ಗಂಡುಹಂದಿಗೆ ಅಲ್ಲಿ ಹಾಗನ್ನುತ್ತಾರೆ. ಗುತ್ಯಪ್ಪನೂ ಬಾಯಿಗೆ ಬಂದದ್ದು ಅಂದ. ತೀರಿಹೋದ ಅಣ್ಣನ ಹೆಂಡತಿ ಹೂವಮ್ಮನನ್ನು ತನ್ನ ಜೊತೆ ಬರಲು ಕರೆದ. ಅವಳು ಮಕ್ಕಳನ್ನು ಕಟ್ಟಿಕೊಂಡು ಕೆರಿಯಪ್ಪನ ಲಾರಿ ಹತ್ತಿದಳು. ಆಮೇಲೆ ಎರಡು ವರ್ಷ ಆ ಕಡೆಗೆ ಇವನು ತಲೆ ಹಾಕಿರಲಿಲ್ಲ.

ಒಳ್ಳೆ ಗದ್ದೆ. ಹಂಚಿನ ಮನೆ. ಬೇಸಿಗೆಯಲ್ಲೂ ಬತ್ತದ ಬಾವಿ. ರಸ್ತೆಗೆ ನಡೆದರೆ ಬಸ್ಸು, ಬಸ್ಸು ಹತ್ತಿದರೆ ಪೇಟೆ. ಇವಳಿಗೆ ಏನು ಕಡಿಮೆಯಾಯಿತು ಎಂದು ಗುತ್ಯಪ್ಪ ಕೇಳಿದ್ದು ಎಷ್ಟು ಸಲವೋ. ಹೆಂಡತಿಯನ್ನು ಕೇಳಿದ, ಬಾವಿಕಟ್ಟೆಯನ್ನು ಕೇಳಿದ, ಎತ್ತುಗಳನ್ನೂ ಕೇಳಿದ.

ಶುರುವಾದದ್ದು ಸಣ್ಣದರಿಂದ. ನೇರಲಮಕ್ಕಿಯಲ್ಲಿ ಮನೆಗಳು ಒಂದರ ಹಿತ್ತಿಲಿಗೆ ಇನ್ನೊಂದು ತಾಗಿಕೊಂಡಿದ್ದವು. ಹೆಂಗಸರು ಒಲೆಯ ಮುಂದೆ ಕೂತಲ್ಲಿಂದಲೇ ಮಾತಾಡುತ್ತಿದ್ದರು. ಇವಳು ಇಲ್ಲಿಂದ “ಹೂವಕ್ಕಾ” ಅಂದರೆ ಅವಳು ಅಲ್ಲಿಂದ “ಓ” ಅನ್ನಬೇಕು. ಹೇಳುವುದು ಇರಲಿ ಇಲ್ಲದಿರಲಿ, ಕರೆದವರಿಗೆ ಓಗೊಡಬೇಕು, ಅಷ್ಟೇ. ಮೇಗಿನಬೈಲಿನ ಮನೆ ಗದ್ದೆಗಳ ನಡುವೆ ಒಂದೇ ಒಂದು. ಬಂದ ಹೊಸತರಲ್ಲಿ ಮಾಸ್ತಮ್ಮ ಅಭ್ಯಾಸಬಲದಿಂದ ಕರೆಯುವಳು, ಕರೆದು ನಾಲಿಗೆ ಕಚ್ಚಿಕೊಂಡು ನಗುವಳು. ಗುತ್ಯಪ್ಪನೂ ನಕ್ಕಿದ್ದ. ಕೆಲವು ತಿಂಗಳ ಮೇಲೆ ಅವಳು ಕರೆಯುತ್ತಿದ್ದಳು, ನಗುತ್ತಿರಲಿಲ್ಲ. ಸೌಟು ಕೈಯಲ್ಲಿ ಹಿಡಿದು ಕಿವಿಗೊಟ್ಟು ನಿಲ್ಲುತ್ತಿದ್ದಳು. ಅದಾದ ಮೇಲೆ ಒಂದು ದಿನ ಯಾರೋ ಓಗೊಟ್ಟಿರಬೇಕು, ಯಾಕೆಂದರೆ ಮಾಸ್ತಮ್ಮ ಮುಂದಿನ ಮಾತು ಹೇಳಿದಳು.

ಊರವರು ಕೆಟ್ಟವರೆಂದು ಹೇಳುವ ಹಾಗಿರಲಿಲ್ಲ. ಹಾಗೆ ಹೇಳುವಂತಿದ್ದರೆ ಗುತ್ಯಪ್ಪನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮುಕುಂದಯ್ಯನವರ ಮನೆಯ ಹೆಂಗಸರು ಜಗಲಿಯ ಮೇಲೆ ನಿಂತು, ಇವಳನ್ನು ಅಂಗಳದಲ್ಲಿ ನಿಲ್ಲಿಸಿ, ಚೆನ್ನಾಗಿಯೇ ಮಾತಾಡಿಸುತ್ತಿದ್ದರು. ಕೂಲಿಯ ಹೆಂಗಸರು ಇವಳ ಸೀರೆ ಉಡುವ ರೀತಿಗೆ, ಮಾತು ಎಳೆಯುವ ರೀತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅವರಿಗೆ ಅವಳು ಮುಳುಗಡೆಯವಳು. ಹೆಸರು ಯಾರೂ ಕೇಳಲಿಲ್ಲ.

ಆಮೇಲೆ ಬಂತು ಮೊದಲ ವರ್ಷದ ನೆಟ್ಟಿ. ನೇರಲಮಕ್ಕಿಯಲ್ಲಿ ಯಾರೂ ಯಾರನ್ನೂ ನೆಟ್ಟಿಗೆ ಕರೆಯುತ್ತಿರಲಿಲ್ಲ. ಅಲ್ಲಿದ್ದದ್ದು ಮುಯ್ಯಾಳಿನ ಪದ್ಧತಿ. ಯಾರ ಸಸಿ ಕಿತ್ತಾಗಿದೆಯೋ ಅವರ ಗದ್ದೆಗೆ ಬೆಳಗಾಗುತ್ತಲೇ ಎಲ್ಲ ಮನೆಯಿಂದಲೂ ಹೆಂಗಸರು ಇಳಿಯುವುದು, ಅದು ಮುಗಿದರೆ ಮರುದಿನ ಇನ್ನೊಬ್ಬರದು. ಕರೆಯುವವರೆಗೆ ಕಾದರೆ ಅದೇ ಅವಮಾನ. ಮಾಸ್ತಮ್ಮ ಮುಕುಂದಯ್ಯನವರ ಗದ್ದೆಯಲ್ಲಿ ಸಸಿಕಟ್ಟು ಬಿದ್ದಿರುವುದನ್ನು ನೋಡಿದಳು, ಗೊರಬು ತಗೊಂಡು ಇಳಿದಳು. ಸಂಜೆ ಅವರು ಕೂಲಿ ಕೊಡಲು ಬಂದರೆ ಇವಳು ನಕ್ಕು, ಅದೆಲ್ಲ ಯಾಕೆ, ನಾಳೆ ನಮ್ಮಲ್ಲಿಗೆ ಬನ್ನಿ ಎಂದಳು. ಮರುದಿನ ಕೋಳಿ ಕೂಗುವ ಮುಂಚೆ ಎದ್ದು ಅಷ್ಟೂ ಹೆಂಗಸರಿಗಾಗುವಷ್ಟು ಕಡುಬು ಬೇಯಿಸಿಟ್ಟು, ಅಂಚಿನ ಮೇಲೆ ಕೂತು ದಾರಿ ನೋಡಿದಳು.

ಯಾರೂ ಬರಲಿಲ್ಲ. ಯಾಕೆ ಬರುತ್ತಾರೆ? ಕೂಲಿ ಇದ್ದಲ್ಲಿಗೆ, ಕರೆದಲ್ಲಿಗೆ ಹೋಗುವವರು ಅವರು. ಕರೆಯದೆ ಇಳಿದು, ಕೂಲಿ ಒಲ್ಲೆನೆಂದು, ತನ್ನಷ್ಟಕ್ಕೆ ಪಿಸುಗುಟ್ಟುತ್ತ ನೆಟ್ಟು ಹೋದ ಹೆಂಗಸು ಗದ್ದೆಗೆ ಏನೋ ಮಾಡಿಸಿ ಹೋಗಿದ್ದಾಳೆ ಎಂದು ಅವರಲ್ಲೊಬ್ಬಳು ಹೇಳಿದಳು. ಆ ವರ್ಷ ಆ ಗದ್ದೆಗೆ ಹುಳ ಬಿತ್ತು. ಊರ ಗದ್ದೆಗೆಲ್ಲ ಬಿದ್ದಿತ್ತು ಅನ್ನುವುದು ಬೇರೆ ಮಾತು. ಅಂದಿನಿಂದ ಮಾಸ್ತಮ್ಮ ರಸ್ತೆಯ ಕಡೆ ಹೋದರೆ ದಾರಿಯಲ್ಲಿ ಮಕ್ಕಳನ್ನು ಒಳಗೆ ಕರೆದುಕೊಳ್ಳುವವರು ಹುಟ್ಟಿಕೊಂಡರು. ಆ ದಿನದ ಕಡುಬನ್ನೆಲ್ಲ ಗುತ್ಯಪ್ಪ ಎತ್ತಿಗೆ ಹಾಕಿದ. ಎತ್ತಿಗೆ ಹಾಕುತ್ತ ಅವಳನ್ನು ಬೈದ. ಊರಿನ ರೀತಿ ತಿಳಿದುಕೊಳ್ಳಲಾಗದ ದಡ್ಡಿ ಎಂದ.

ಇನ್ನು ಉಪಚಾರದ ಕತೆ ಕೇಳಬೇಡಿ. ಮಾಟ ತೆಗೆಯುವ ಗಾಡಿಗನೊಬ್ಬ, ಮುಳುಗಿದ ಊರಿನ ಚೌಡಿಗೆ ಹೇಳದೆ ಬಂದಿರಿ, ಅದು ಹಿಂದೆಯೇ ಬಂದಿದೆ ಎಂದು ಕೋಳಿ ತಿಂದ. ಜಾತಕವೇ ಇಲ್ಲದವಳ ಗ್ರಹಗತಿ ಸರಿಯಿಲ್ಲ ಎಂದು ಒಬ್ಬರು ಹೇಳಿದರು. ಮಕ್ಕಳಿಲ್ಲದ್ದಕ್ಕೇ ಹೀಗೆ ಎಂದರು ಹಲವರು. ನೇರಲಮಕ್ಕಿಯಲ್ಲೂ ಮಾಸ್ತಮ್ಮನಿಗೆ ಮಕ್ಕಳಿರಲಿಲ್ಲ. ಆದರೆ ಊರ ಮಕ್ಕಳೆಲ್ಲ ಅವಳ ಒಲೆಯ ಮುಂದೆಯೇ ಇರುತ್ತಿದ್ದವು. ಇದನ್ನು ಗುತ್ಯಪ್ಪ ಯಾರಿಗೆ ಹೇಳುವುದು? ಪೇಟೆಯ ಡಾಕ್ಟರು, ಇವಳ ತಾಯಿಗೆ ಇತ್ತೇ, ಅಜ್ಜಿಗೆ ಇತ್ತೇ ಎಂದು ವಂಶವನ್ನೆಲ್ಲ ಜಾಲಾಡಿದರು. ಯಾರಿಗೂ ಇರಲಿಲ್ಲ. ಬಿಳಿ ಗುಳಿಗೆ ಕೊಟ್ಟರು. ಅದನ್ನು ನುಂಗಿ ಅವಳು ಹಗಲೂ ಮಲಗಿದಳು, ಎದ್ದಾಗ ಮಾತಾಡಿದಳು. ಕೊನೆಗೆ ಅವರು, ಇದು ನನ್ನ ಕೈ ಮೀರಿದ್ದು, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸು, ಜೊತೆಗಿರಲು ಮನೆಯ ಹೆಂಗಸೊಬ್ಬಳು ಬೇಕು ಎಂದರು.

ಮುಕುಂದಯ್ಯನವರೂ ಅದನ್ನೇ ಹೇಳಿದರು. ಜಗಲಿಯಲ್ಲಿ ಕೂರಿಸಿ, ಕಾಫಿ ತರಿಸಿಕೊಟ್ಟು ಹೇಳಿದರು. “ಕಳಿಸಿಬಿಡು ಮಾರಾಯ. ಅಲ್ಲಿ ನೋಡಿಕೊಳ್ತಾರೆ. ನಿನಗೆಂತ ಇನ್ನೂ ವಯಸ್ಸಾಗಲಿಲ್ಲ, ಮನೆಗೆ ದೀಪ ಹಚ್ಚುವವರು ಬೇಡವಾ?”

ಎಂಥ ಒಳ್ಳೆಯ ಮನುಷ್ಯ! ಗುತ್ಯಪ್ಪ ಕಾಫಿಯ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ. ಅಂಥ ಆಸ್ಪತ್ರೆಗೆ ಹೋದವರು ಬೇಗ ಬರುವುದಿಲ್ಲ, ಕೆಲವರು ಬರುವುದೇ ಇಲ್ಲ ಎಂದು ಅವನೂ ಕೇಳಿದ್ದ. ಇಪ್ಪತ್ತು ವರ್ಷ ಜೊತೆಗೆ ಉಂಡವಳನ್ನು ಒಂದು ಗೇಟಿನೊಳಗೆ ಬಿಟ್ಟು ಬೆನ್ನು ತಿರುಗಿಸಿ ಬರುವುದು ಹೇಗೆ? ಅದಕ್ಕೇ ಒಂದೊಂದು ದಿನ ಮುಂದೂಡುತ್ತ ಬಂದಿದ್ದ. ಆದರೆ ಈ ಸಲ ಗದ್ದೆಯಿಂದ ರಟ್ಟೆ ಹಿಡಿದು ಎಳೆದು ತಂದ ದಿನ ತಾಳ್ಮೆ ಕೊನೆ ಮುಟ್ಟಿತು. ತನ್ನ ಗದ್ದೆಯ ನೆಟ್ಟಿಯನ್ನು ಕೂಲಿಯವರಿಂದ ಮುಗಿಸಿ, ಎತ್ತುಗಳನ್ನು ಮುಕುಂದಯ್ಯನವರ ಕೊಟ್ಟಿಗೆಗೆ ಬಿಟ್ಟು ಹೊರಟ. ಜೊತೆಗಿರಬೇಕಾದ ಹೆಂಗಸು ಅಂದರೆ ಅತ್ತಿಗೆ ಹೂವಮ್ಮನೇ, ಬೇರೆ ಯಾರಿದ್ದರು? ಮೊದಲು ಅವಳಿದ್ದಲ್ಲಿಗೆ ಹೋಗುವುದು, ಅವಳನ್ನು ಒಪ್ಪಿಸಿ ತಾಳಗುಪ್ಪದಲ್ಲಿ ರೈಲು ಹತ್ತುವುದು. ಒಂಟಿಗ ಎಂದವನ ಕಣ್ಣೆದುರು ಹೋಗಿ ನಿಲ್ಲಬೇಕು ಅನ್ನುವುದೊಂದು ಮುಳ್ಳು.

ತೀರ್ಥಹಳ್ಳಿಯಿಂದ ಹೊಸನಗರಕ್ಕೆ, ಅಲ್ಲಿಂದ ಸಾಗರಕ್ಕೆ ಬಸ್ಸು. ಮಾಸ್ತಮ್ಮ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಮಾತಾಡಿದಳು. ಮುಂದಿನ ಸೀಟಿನ ದಂಪತಿ ಎದ್ದು ಹಿಂದೆ ಹೋದರು. ಕಂಡಕ್ಟರು ಬಂದು, ಸ್ವಲ್ಪ ಸುಮ್ಮನಿರಿಸಿ ಎಂದ. ಸುಮ್ಮನಿರಿಸುವ ವಿದ್ಯೆ ಗೊತ್ತಿದ್ದರೆ ನಿನ್ನ ಬಸ್ಸು ಯಾಕೆ ಹತ್ತುತ್ತಿದ್ದೆ ಎಂದು ಗುತ್ಯಪ್ಪ ಅವನ ಮೇಲೆ ಹರಿಹಾಯ್ದ. ಆಮೇಲೆ ನಾಚಿಕೆಯಾಗಿ ಮುಖಕ್ಕೆ ಟವೆಲು ಹಾಕಿಕೊಂಡು ನಿದ್ದೆ ಬಂದವನಂತೆ ಕೂತ.

ಸಾಗರದಲ್ಲಿ ಬೇರೆ ಬಸ್ಸು ಹಿಡಿದು ತಾಳಗುಪ್ಪದಲ್ಲಿ ಇಳಿದು, ಕೇಳಿಕೊಂಡು ಕಾಡುದಾರಿಯಲ್ಲಿ ನಡೆದರು. ಮುಳುಗಡೆ ಕೇರಿ ಕಂಡಾಗ ಗುತ್ಯಪ್ಪನಿಗೆ ಒಳಗೊಳಗೇ ಒಂದು ತೃಪ್ತಿ. ತಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಹುಲ್ಲಿನ ಗುಡಿಸಲುಗಳು ಒಂದರ ಮೈಗೆ ಒಂದು ಆತುಕೊಂಡು ನಿಂತಿದ್ದವು. ಎರಡು ವರ್ಷವಾದರೂ ಮರದ ಬೊಡ್ಡೆಗಳು ಹಾಗೇ ಇದ್ದವು. ಮಕ್ಕಳ ಕಾಲಲ್ಲಿ ಹುಣ್ಣು, ದೊಡ್ಡವರ ಕಣ್ಣಲ್ಲಿ ಚಳಿಜ್ವರದ ಹಳದಿ. ಗೊಚ್ಚುಮಣ್ಣನ್ನು ಅಗೆದೂ ಅಗೆದೂ ಗದ್ದೆ ಎನ್ನಬಹುದಾದಂಥದ್ದೇನೋ ಮಾಡಿಕೊಂಡಿದ್ದರು. ನೀರು ನಿಲ್ಲುವುದೇ ತಡವಾದ್ದರಿಂದ ನೆಟ್ಟಿ ಈಗ ನಡೆದಿತ್ತು. ಕೇರಿಯ ಹೆಂಗಸರೆಲ್ಲ ಸಾಲಾಗಿ ಬಗ್ಗಿದ್ದರು.

ಮಾಸ್ತಮ್ಮ ಗಂಟನ್ನು ಗಂಡನ ಕೈಗೆ ಕೊಟ್ಟಳು. ಸೀರೆ ಎತ್ತಿ ಕಟ್ಟಿದಳು. ಅಂಚಿನ ಮೇಲೆ ಯಾರದೋ ಗೊರಬು ಇತ್ತು, ಅದನ್ನು ಬೆನ್ನಿಗೆ ಹಾಕಿಕೊಂಡು ಇಳಿದಳು. ಇನ್ನು ನಗುತ್ತಾರೆ, ಇನ್ನು ದೂರ ಸರಿಯುತ್ತಾರೆ ಎಂದು ಗುತ್ಯಪ್ಪ ಕಾದ. ಯಾರೂ ನಗಲಿಲ್ಲ. ಸಾಲಿನಲ್ಲಿ ಒಬ್ಬರ ಜಾಗವಾಗುವಷ್ಟು ಇಬ್ಬರು ಅತ್ತಿತ್ತ ಸರಿದರು. ಹೂವಮ್ಮ ಒಂದು ಹಿಡಿ ಸಸಿಯನ್ನು ಅವಳ ಕೈಗೆ ಹಾಕಿ, ಬಾ, ಎಷ್ಟು ತಡ ಮಾಡಿದೆ ಎಂದಳು. ಎರಡು ವರ್ಷದ ತಡವನ್ನು ಅವಳು ಒಂದು ಗಳಿಗೆಯ ತಡವೆಂಬಂತೆ ಹೇಳಿದ್ದನ್ನು ಕೇಳಿ ಗುತ್ಯಪ್ಪ ಗಂಟು ಹಿಡಿದುಕೊಂಡೇ ಅಂಚಿನ ಮೇಲೆ ಕೂತುಬಿಟ್ಟ.

ಸ್ವಲ್ಪ ಹೊತ್ತಿಗೆ ಮಾಸ್ತಮ್ಮನ ಕೈ ನಿಂತಿತು. ತಲೆಯೆತ್ತಿ ಕಿವಿಗೊಟ್ಟಳು.

“ಹೂವಕ್ಕಾ, ಯಾರಾದ್ರೂ ಕರೆದ್ರಾ?”

“ಇಲ್ಲ ಕಣೆ,” ಅಂದಳು ಹೂವಮ್ಮ, ಬಗ್ಗಿದಲ್ಲಿಂದಲೇ.

ಮಾಸ್ತಮ್ಮ ಮತ್ತೆ ನೆಡತೊಡಗಿದಳು. ಇನ್ನೊಂದು ಸಾಲು ಮುಗಿಯುವಾಗ ಮತ್ತೆ ಕೇಳಿದಳು. ಈ ಸಲ ಆಚೆ ಪಕ್ಕದವಳು ಇಲ್ಲ ಎಂದಳು. ಹಾಗೆ ಕೇಳುವುದು, ಹೀಗೆ ಹೇಳುವುದು, ಸಸಿಕಟ್ಟು ದಾಟಿಸಿದಷ್ಟೇ ಸಲೀಸಾಗಿ ಸಂಜೆಯವರೆಗೂ ನಡೆಯಿತು. ಬೇಸರವಿಲ್ಲ, ಭಯವಿಲ್ಲ, ಕನಿಕರವೂ ಇಲ್ಲ. ಗುತ್ಯಪ್ಪನಿಗೆ ಮೈಯೆಲ್ಲ ಉರಿಯಿತು. ಗಾಡಿಗ, ಡಾಕ್ಟರು, ಗುಳಿಗೆ ಎಂದು ತಾನು ಅಲೆದದ್ದಕ್ಕೆಲ್ಲ ಇವರ ಕೈಯಲ್ಲಿ ಇಷ್ಟೇನಾ ಇರುವುದು?

ಬೆಂಗಳೂರಿನ ವಿಷಯ ತೆಗೆದರೆ ಹೂವಮ್ಮ, ನೆಟ್ಟಿ ಮುಗಿಯಲಿ ಎಂದಳು. ನೆಟ್ಟಿ ಮುಗಿದ ಮೇಲೆ, ಮಗನಿಗೆ ಜ್ವರ ಬಿಡಲಿ ಎಂದಳು. ಗುತ್ಯಪ್ಪ ದಿನಾ ಬೆಳಿಗ್ಗೆ ಹೊರಡುವವನಂತೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಳ್ಳುವುದು, ಸಂಜೆ ಅದನ್ನೇ ಹಾಸಿ ಕೂರುವುದು. ಕೆರಿಯಪ್ಪ ಅವನನ್ನು ನೋಡಿಯೂ ನೋಡದವನಂತೆ ಓಡಾಡಿದ. ಅಷ್ಟರಲ್ಲಿ ಮಾಸ್ತಮ್ಮ ಹೊಟ್ಟೆ ತುಂಬ ಉಂಡಳು, ರಾತ್ರಿ ನಿದ್ದೆ ಮಾಡಿದಳು, ಯಾವುದೋ ಮಗುವಿನ ತಲೆಯ ಹೇನು ತೆಗೆಯುತ್ತ ಗಟ್ಟಿಯಾಗಿ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು ಎಂದು ಗುತ್ಯಪ್ಪನಿಗೆ ನೆನಪಾಗಲಿಲ್ಲ. ಖುಷಿಯಾಯಿತು. ಖುಷಿಯ ಬೆನ್ನಿಗೇ ಸಿಟ್ಟು ಬಂತು. ಹಂಚಿನ ಮನೆಯಲ್ಲಿ ನಗದವಳು ಈ ಕೊಂಪೆಯಲ್ಲಿ ನಗುತ್ತಾಳಲ್ಲ!

ಇವಳ ಜೊತೆ ಇರಲು ನಿಮಗೆ ಹೆದರಿಕೆ ಆಗುವುದಿಲ್ಲವೇ ಎಂದು ಅತ್ತಿಗೆಯನ್ನು ಕೇಳಿದ. ಹೂವಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು.

“ಇಲ್ಲಿ ಯಾರಿಗಿಲ್ಲ ಹೇಳು ಗುತ್ಯಪ್ಪ? ಕೆರಿಯಪ್ಪ ಬೆಳಗಾಗೆ ಎದ್ದು, ಹೊಳೆಗೆ ಹೋಗಿ ಬರ್ತೀನಿ ಅಂತ ಹೊರಡ್ತಾನೆ. ಯಾವ ಹೊಳೆ? ಯಾರೋ ಒಬ್ರು ಹೋಗಿ ಕೈ ಹಿಡ್ಕೊಂಡು ಬರ್ತೀವಿ. ನಾನು ಮೊದಲನೇ ವರ್ಷ ಅನ್ನಕ್ಕಿಟ್ಟು ಅಳಕ್ಕೆ ಕೂತ್ರೆ ಅನ್ನ ಸೀದು ಹೋದ್ರೂ ಏಳ್ತಿರಲಿಲ್ಲ. ಪಕ್ಕದೋರು ಬಂದು ಇಳಿಸ್ತಿದ್ರು. ಎಲ್ರಿಗೂ ಬಂತು. ಎಲ್ರೂ ಇದ್ವಿ, ಹಂಚಿಕೊಂಡ್ವಿ. ಅವಳು ಒಬ್ಳೇ ಇದ್ಳು, ಎಲ್ಲಾ ಅವಳ ತಲೆ ಮೇಲೇ ಬಿತ್ತು.”

ಗುತ್ಯಪ್ಪ, ಒಬ್ಬಳೇ ಹೇಗೆ, ನಾನಿರಲಿಲ್ಲವೇ ಎಂದ. ಹೂವಮ್ಮ ಅಕ್ಕಿಯಿಂದ ಕಲ್ಲು ಆರಿಸಿ ಹೊರಗೆ ಎಸೆದಳು.

ಬೆಂಗಳೂರಿನ ಮಾತು ತಾನಾಗಿಯೇ ಬಿದ್ದುಹೋಯಿತು. ಹೆಂಡತಿ ಗುಣವಾಗಿದ್ದಾಳೆ, ಇನ್ನು ಮನೆಗೆ ಕರೆದುಕೊಂಡು ಹೋಗುವುದೇ ಸರಿ ಎಂದು ಗುತ್ಯಪ್ಪ ತೀರ್ಮಾನಿಸಿದ. ಗಂಟು ಕಟ್ಟು ಎಂದು ಮಾಸ್ತಮ್ಮನಿಗೆ ಹೇಳಿದ. ಅವಳು ಕಟ್ಟಲಿಲ್ಲ. ಮದುವೆಯಾದಂದಿನಿಂದ ಗಂಡನ ಮಾತಿಗೆ ಎದುರಾಡದ ಹೆಂಗಸು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ನಂಗೇನೂ ಗುಣ ಆಗಿಲ್ಲ. ಈಗ್ಲೂ ಕೇಳಿಸ್ತದೆ,” ಅಂದಳು. “ಇಲ್ಲಿ ಕೇಳಿಸಿದ್ರೆ ಕೇಳ್ತೀನಿ, ಯಾರೋ ಒಬ್ರು ಇಲ್ಲ ಅಂತಾರೆ. ಅಲ್ಲಿ ನಿಮ್ಮನ್ನ ಕೇಳಿದ್ರೆ ಬೈತಿದ್ರಿ. ಬೈತೀರಿ ಅಂತ ಕೇಳೋದು ಬಿಟ್ಟೆ. ನಾನು ಕೇಳೋದು ಬಿಟ್ಟ ಮೇಲೆ ಆ ಕರೆಯೋರು ಮಾತಾಡೋದು ಜಾಸ್ತಿ ಮಾಡಿದ್ರು.”

ಗುತ್ಯಪ್ಪ ಯಾವಾಗಲೂ ಮಾಡುತ್ತಿದ್ದದ್ದನ್ನೇ ಮಾಡಿದ, ಬೈದ. ಅಂಥ ಗದ್ದೆ ಬಿಟ್ಟು ಈ ಕಲ್ಲಿನ ಮೇಲೆ ಬಂದು ಕೂರಲು ನನಗೇನು ತಲೆ ಕೆಟ್ಟಿದೆಯೇ ಎಂದ. ಸುಗ್ಗಿ ಆಗುವವರೆಗೆ ಇಲ್ಲೇ ಬಿದ್ದಿರು, ಆಮೇಲೆ ಬಂದು ಎಳೆದುಕೊಂಡೇ ಹೋಗುತ್ತೇನೆ ಎಂದು ಹೇಳಿ, ಟವೆಲು ಕೊಡವಿ ಹೊರಟೇಬಿಟ್ಟ. ಕಾಡುದಾರಿಯ ತಿರುವಿನವರೆಗೂ, ಹಿಂದಿನಿಂದ ಕರೆಯುತ್ತಾಳೆ ಎಂದು ಕಾದ. ಅವಳು ಕರೆಯಲಿಲ್ಲ.

ಮೇಗಿನಬೈಲಿಗೆ ಬಂದ ಮೊದಲ ದಿನಗಳು ಹಾಯಾಗಿದ್ದವು. ಯಾರ ಆಳೂ ಬರಲಿಲ್ಲ. ಪೈರು ಮೊಣಕಾಲುಮಟ್ಟ ಎದ್ದು ನಿಂತಿತ್ತು. ಗುತ್ಯಪ್ಪ ತಾನೇ ಗಂಜಿ ಕಾಯಿಸಿಕೊಂಡ, ತಾನೇ ಉಂಡ. ಕಳೆ ಕಿತ್ತ, ನೀರು ತಿರುಗಿಸಿದ. ಆದರೆ ಅವನಿಗೆ ಒಂದು ತೊಂದರೆಯಿತ್ತು. ಬೈದು ಅಭ್ಯಾಸವಾದವನು ಅವನು, ಬೈಯುವುದಕ್ಕೂ ಒಬ್ಬರು ಬೇಕು. ಗಂಜಿಗೆ ಉಪ್ಪು ಹೆಚ್ಚಾದರೆ ಮಡಕೆಗೆ ಬೈದ. ಸೌದೆ ಹೊತ್ತದಿದ್ದರೆ ಒಲೆಗೆ ಬೈದ. ಮಡಕೆ ತಿರುಗಿ ಅಳಲಿಲ್ಲ, ಒಲೆ ಮುಖ ಊದಿಸಿಕೊಳ್ಳಲಿಲ್ಲ. ಊರಿನಲ್ಲಿ ಎದುರಾದವರು, ಹೇಗಿದ್ದಾರೆ ಮನೆಯವರು ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋಗುತ್ತಿದ್ದರು. ಎರಡು ವರ್ಷದಿಂದ ಅವರು ಹಾಗೇ ಹೋಗುತ್ತಿದ್ದರು. ಅವನಿಗೆ ಕಂಡದ್ದು ಈಗ.

ಭತ್ತ ಹಣ್ಣಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಕೂತು ಕಲ್ಲಿಗೆ ಕತ್ತಿ ಮಸೆಯುತ್ತಿದ್ದ. ಕಲ್ಲು ಒಣಗಿತು. ತಲೆಯೆತ್ತದೆ, “ಮಾಸ್ತೀ, ಒಂಚೂರು ನೀರು ತಗಂಬಾ,” ಅಂದ.

“ತಂದೆ,” ಅಂತ ಒಳಗಿನಿಂದ ಕೇಳಿಸಿತು.

ಗುತ್ಯಪ್ಪ ಚೆಂಬಿಗೆ ಕೈ ಚಾಚಿದ. ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಎದ್ದು ಒಳಗೆ ಹೋದ. ಒಲೆ ತಣ್ಣಗಿತ್ತು. ಅಡುಗೆಮನೆ, ನಡುಮನೆ, ಕೊಟ್ಟಿಗೆ ಎಲ್ಲ ನೋಡಿದ. ಆ ದನಿ ಪಕ್ಕದ ಗದ್ದೆಯದಲ್ಲ, ರಸ್ತೆಯದಲ್ಲ, ಅವನಿಗೆ ಇಪ್ಪತ್ತು ವರ್ಷದಿಂದ ಗೊತ್ತಿರುವ ದನಿ. ಮೊದಲು ಸಿಟ್ಟು ಬಂತು. ಆಮೇಲೆ ಹೊಸಿಲ ಮೇಲೆ ಕೂತ. ಯಾರನ್ನಾದರೂ ಕೇಳಬೇಕು ಅನ್ನಿಸಿತು. ಅದೊಂದೇ ಅನ್ನಿಸಿದ್ದು. ಈಗ ಇಲ್ಲಿ ಯಾರಾದರೂ ಓಗೊಟ್ಟರೇ, ಇಲ್ಲವೇ? ಇಲ್ಲ ಎಂದು ಒಬ್ಬರು ಹೇಳಿದರೆ ಸಾಕು, ಎದ್ದು ಹೋಗಿ ಕತ್ತಿ ಮಸೆಯುತ್ತಿದ್ದ. ಸುತ್ತ ಹಣ್ಣಾದ ಗದ್ದೆ, ಬಿಸಿಲು.

ಮುಕುಂದಯ್ಯನವರ ಜಗಲಿಗೆ ಹೋದ. ಅಡಿಕೆ ಕತ್ತರಿಸುತ್ತ ಕೂತಿದ್ದರು. ಗುತ್ಯಪ್ಪ ಅಂಗಳದಲ್ಲಿ ನಿಂತು, ಆದದ್ದನ್ನು ಆದ ಹಾಗೆ ಹೇಳಿದ. ಹೇಳುತ್ತಿದ್ದಂತೆ ಅಡಕತ್ತರಿ ನಿಂತಿತು. ಒಳಗಿನ ಹೆಂಗಸರ ಮಾತೂ ನಿಂತಿತು. ಮುಕುಂದಯ್ಯನವರು ಅವನ ಮುಖ ನೋಡಿದರು, ಆಮೇಲೆ ಅವನ ಕೈಯಲ್ಲಿ ಇನ್ನೂ ಇದ್ದ ಕತ್ತಿ ನೋಡಿದರು. ಕೂತಲ್ಲಿಯೇ ಒಂದು ಗೇಣು ಹಿಂದೆ ಸರಿದರು. ತಾನು ಏನನ್ನು ಹಿಡಿದುಕೊಂಡು ಬಂದಿದ್ದೇನೆ ಎಂದು ಗುತ್ಯಪ್ಪನಿಗೆ ಆಗ ತಿಳಿಯಿತು. ಆ ನೋಟವೂ ಅವನಿಗೆ ಹೊಸದಲ್ಲ. ಎರಡು ವರ್ಷ ಅದು ಅವನ ಪಕ್ಕದಲ್ಲಿದ್ದವಳ ಮೇಲೆ ಬೀಳುತ್ತಿತ್ತು.

ಪೇಟೆಯ ಡಾಕ್ಟರನ್ನು ಒಂದು ಸಲ ಕಂಡು ಬಾ ಎಂದು ಅವರು ಬಹಳ ಮೃದುವಾಗಿ ಹೇಳಿದರು. ಗುತ್ಯಪ್ಪ ಕತ್ತಿಯನ್ನು ಮೆಲ್ಲಗೆ ನೆಲದ ಮೇಲಿಟ್ಟ. ಕೇಳಬೇಕಾದದ್ದನ್ನು ಕೇಳಲಿಲ್ಲ. ಕೇಳುವ ಜಾಗ ಅದಲ್ಲ.

“ಅಯ್ಯಾ, ಗದ್ದೆ ನೀವೇ ತಗಳ್ಳಿ,” ಅಂದ.

ಅವರು ತಗೊಂಡರು, ಬೆಲೆಯಲ್ಲಿ ಮೋಸವನ್ನೂ ಮಾಡಲಿಲ್ಲ. ಅಂಥ ಗದ್ದೆಯನ್ನು ಬಂಗಾರದಂಥ ಪೈರಿನ ಸಮೇತ ಕೊಟ್ಟು ಹೋಗುತ್ತಾನೆಂದರೆ ಹೆಂಡತಿಯದು ಗಂಡನಿಗೂ ತಗುಲಿದೆ ಎಂದು ಮೇಗಿನಬೈಲಿನವರು ಮಾತಾಡಿಕೊಂಡರು. ಗುತ್ಯಪ್ಪನ ಕಿವಿಗೂ ಬಿತ್ತು. ಅಲ್ಲವೆಂದು ವಾದ ಮಾಡುವಷ್ಟು ಧೈರ್ಯ ಅವನಲ್ಲಿ ಉಳಿದಿರಲಿಲ್ಲ.

ಮುಳುಗಡೆ ಕೇರಿಯಲ್ಲಿ ಅವನನ್ನು ಯಾರೂ ಹಾರ ಹಾಕಿ ಕರೆದುಕೊಳ್ಳಲಿಲ್ಲ. ಒಳ್ಳೆ ತುಂಡುಗಳೆಲ್ಲ ಹಂಚಿಹೋಗಿವೆ, ಕೇರಿಯ ಕೊನೆಗೆ ಯಾರೂ ಮುಟ್ಟದ ಕಲ್ಲುದಿಣ್ಣೆ ಒಂದಿದೆ, ಬೇಕಾದರೆ ಅಗೆದುಕೋ ಎಂದ ಕೆರಿಯಪ್ಪ. ಗುತ್ಯಪ್ಪ ಆ ದಿಣ್ಣೆಯನ್ನು ಸುತ್ತು ಹಾಕಿ ನೋಡಿ, ಸರ್ಕಾರವನ್ನೂ ಅಣೆಕಟ್ಟನ್ನೂ ಕೆರಿಯಪ್ಪನನ್ನೂ ಒಟ್ಟಿಗೇ ಬೈದ. ಕೆರಿಯಪ್ಪನೂ ತಿರುಗಿ ಬೈದ. ಎರಡು ವರ್ಷದ ಮೇಲೆ ಇಬ್ಬರಿಗೂ ಮೈ ಹಗುರಾಯಿತು.

ಆ ಸಂಜೆ ಹೂವಮ್ಮನ ಗುಡಿಸಲಲ್ಲಿ ಮಾಸ್ತಮ್ಮ ಅವನಿಗೆ ಅನ್ನ ಬಡಿಸಿದಳು. ಗದ್ದೆ ಏನಾಯಿತೆಂದು ಅವಳು ಕೇಳಲಿಲ್ಲ. ಪಕ್ಕದ ಮನೆಯಲ್ಲಿ ಯಾರೋ ಯಾರೊಂದಿಗೋ ಜಗಳ ಕಾಯುತ್ತಿದ್ದರು, ಆಚೆ ಮನೆಯಲ್ಲಿ ಮಗು ಅಳುತ್ತಿತ್ತು. ಗುತ್ಯಪ್ಪ ಎರಡು ತುತ್ತು ಉಂಡು ಕೈ ನಿಲ್ಲಿಸಿದ.

“ನಂಗೂ ಕೇಳಿಸ್ತು ಮಾಸ್ತಿ.”

ಅವಳು ಬೆಚ್ಚಲಿಲ್ಲ. “ಯಾರ ದನಿ?” ಅಂತ ಕೇಳಿದಳು.

“ನಿಂದೇ. ನೀರು ಕೇಳಿದೆ. ‘ತಂದೆ’ ಅಂದೆ ನೀನು.”

ಮಾಸ್ತಮ್ಮ ಸಾರಿನ ಪಾತ್ರೆಯನ್ನು ಹತ್ತಿರ ಎಳೆದುಕೊಂಡಳು.

“ಇಲ್ಲ. ನಾನು ಅಂದಿಲ್ಲ,” ಅಂದಳು. ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಗುತ್ಯಪ್ಪ ಕಲಸಿಕೊಂಡು ಉಂಡ.